ಲೈಕ್ ಬರದೇ ಇದ್ರೆ ಚಿತ್ರ ಬರೆಯೋಕೇ ಮನಸ್ಸು ಬರ್ತಿಲ್ಲ, ಇದರಿಂದ ಹೊರಗೆ ಬಂದೋರು ಯಾರಾದ್ರೂ ಇದ್ದೀರಾ?

ಕಲ್ಪತರು_ನಾಡು ಕೇಳಿದ್ದು:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ತಿಪಟೂರಿನವಳು, ಇಲ್ಲೇ ಒಂದು ಆಫೀಸಲ್ಲಿ ಅಕೌಂಟ್ಸ್ ನೋಡ್ಕೋತೀನಿ, ಸಂಜೆ ಮನೆಗೆ ಬಂದ್ಮೇಲೆ ವಾಟರ್‌ಕಲರ್ ಮಾಡ್ತೀನಿ. ಎಲ್ಲೂ ಕ್ಲಾಸಿಗೆ ಹೋಗಿ ಕಲ್ತಿಲ್ಲ, ಹೈಸ್ಕೂಲಲ್ಲಿ ಡ್ರಾಯಿಂಗ್ ಎಕ್ಸಾಮ್ ಕಟ್ಟಿದ್ದು ಬಿಟ್ರೆ ಎಲ್ಲಾ ಸ್ವಂತವಾಗಿ ಕಲ್ತಿದ್ದೇ. ನಂಗೆ ಇಷ್ಟ ಅಂದ್ರೆ ನಮ್ಮೂರಿನ ಕೊಬ್ಬರಿ ಮಂಡಿ, ಚೀಲ ಹೊತ್ಕೊಂಡು ಹೋಗೋ ಹಮಾಲರು, ಕಾಯಿ ಒಡೆದು ಕೊಬ್ಬರಿ ಬಿಡಿಸೋ ಹೆಂಗಸರ ಕೈ, ಇಂಥದ್ದು. ಎರಡು ಮೂರು ಸ್ಕೆಚ್‌ಬುಕ್ ತುಂಬಾ ಇದೇ ಇದೆ.

ಇನ್ಸ್ಟಾಗ್ರಾಮಲ್ಲಿ ಹಾಕ್ತಿದ್ದೆ, ಗೊತ್ತಿರೋರು ಒಂದಷ್ಟು ಜನ ನೋಡ್ತಿದ್ರು, ಅಷ್ಟೇ. ಆಮೇಲೆ ಒಂದ್ಸಲ ಒಬ್ಬ ಸಿನಿಮಾ ನಟರ ಹುಟ್ಟುಹಬ್ಬಕ್ಕೆ ಅವರ ಮುಖ ಬರೆದು ಫಾಸ್ಟ್ ಮಾಡಿ ರೀಲ್ ಹಾಕಿದೆ, ಅದು ಎಲ್ಲಿಗೋ ಹೋಗ್ಬಿಡ್ತು, ವ್ಯೂಸ್ ಲಕ್ಷ ದಾಟ್ತು, ಆಫೀಸಲ್ಲಿ ಎಲ್ರೂ ಬಂದು ಕೈ ಕುಲುಕಿದ್ರು, ಮನೇಲಿ ಇಷ್ಟು ವರ್ಷ "ಇದೇನು ಬಣ್ಣ ಚೆಲ್ಲಾಡ್ತೀಯಾ" ಅಂತಿದ್ದೋರೇ ನೆಂಟರಿಗೆಲ್ಲ ಫಾರ್ವರ್ಡ್ ಮಾಡಿದ್ರು. ಅವತ್ತಿಂದ ನಾನು ಬರೀತಿರೋದು ಬರೀ ಹೀರೋಗಳ ಮುಖ. ಅದೂ ಈಗ ಓಡ್ತಿಲ್ಲ. ಮಂಡಿ ಚಿತ್ರ ಹಾಕಿದ್ರಂತೂ ಯಾರೂ ತಿರುಗೂ ನೋಡಲ್ಲ.

ನಂಗೆ ಹೆದರಿಕೆ ಆಗಿರೋದು ಇದಲ್ಲ. ಈಗ ಪೇಪರ್ ಮುಂದೆ ಕೂತ್ರೆ ಮೊದಲು ತಲೆಗೆ ಬರೋದು ಫೋನ್ ಸ್ಟ್ಯಾಂಡ್ ಎಲ್ಲಿಡ್ಲಿ, ಯಾವ ಹಾಡು ಹಾಕ್ಲಿ, ಇದು ಓಡುತ್ತಾ ಅನ್ನೋದು. ಓಡಲ್ಲ ಅನ್ನಿಸಿದ್ರೆ ಕುಂಚ ಮುಟ್ಟೋಕೂ ಮನಸ್ಸಾಗಲ್ಲ. ರಾತ್ರಿ ಎದ್ದು ಲೈಕ್ ಎಷ್ಟಾಯ್ತು ನೋಡ್ತೀನಿ, ಕಡಿಮೆ ಇದ್ರೆ ಮಾರನೇ ದಿನ ಪೂರ್ತಿ ನಾನೇ ಯಾವುದಕ್ಕೂ ಬಾರದವಳು ಅನ್ನೋ ಥರ ಇರುತ್ತೆ. ಚಿತ್ರ ಚೆನ್ನಾಗಿದೆಯೋ ಇಲ್ವೋ ಅಂತ ನನ್ನ ಕಣ್ಣಿಗೆ ಗೊತ್ತಾಗೋದೇ ನಿಂತೋಗಿದೆ. ಅಕೌಂಟ್ ಡಿಲೀಟ್ ಮಾಡು ಅಂತ ಫ್ರೆಂಡ್ ಹೇಳ್ತಾಳೆ. ಮಾಡಿದ್ರೆ ಸರಿ ಹೋಗುತ್ತಾ? ಯಾರೂ ಚೆನ್ನಾಗಿದೆ ಅನ್ನದೇ ಇದ್ರೂ ಬರೀತಾ ಇರೋದು ಹೇಗೆ?

---

ಪಿಕ್ಸೆಲ್_ಪಯಣ:

ನಾನು ಬೆಂಗಳೂರಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸದಲ್ಲಿದ್ದೀನಿ, ಈ ನಂಬರ್‌ಗಳನ್ನ ದಿನಾ ನೋಡೋದೇ ನನ್ನ ಹೊಟ್ಟೆಪಾಡು, ಅದಕ್ಕೆ ಒಂದು ವಿಷಯ ಖಚಿತವಾಗಿ ಹೇಳಬಲ್ಲೆ. ನೀವು ನೋಡ್ತಿರೋ ಸಂಖ್ಯೆ ನಿಮ್ಮ ಚಿತ್ರದ ಬಗ್ಗೆ ಹೇಳೋದು ತುಂಬಾ ಕಡಿಮೆ. ಆ ಚಿತ್ರವನ್ನ ಎಷ್ಟು ಜನರ ಮುಂದೆ ಇಟ್ರು, ಅವರು ಬೆರಳು ಎಷ್ಟು ಹೊತ್ತು ನಿಲ್ಲಿಸಿದ್ರು, ಮುಖ್ಯವಾಗಿ ಅದು ಅಳೆಯೋದು ಇದನ್ನ.

ಸ್ವಲ್ಪ ಹಿಂದಕ್ಕೆ ಹೋಗಿ ನೋಡಿ. ಮೊದಲು ನೀವು ಹಾಕಿದ್ದು ನಿಮ್ಮನ್ನ ಫಾಲೋ ಮಾಡೋರಿಗೆ ಹಾಕಿದ ಟೈಮ್ ಪ್ರಕಾರ ಸಾಲಾಗಿ ಕಾಣ್ತಿತ್ತು. 2016ರಲ್ಲಿ ಆ ಸಾಲು ತೆಗೆದು ಯಾರಿಗೆ ಏನು ತೋರಿಸಬೇಕು ಅಂತ ಅವರೇ ನಿರ್ಧಾರ ಮಾಡೋಕೆ ಶುರು ಮಾಡಿದ್ರು. 2020ರ ಜೂನ್ ಕೊನೇಲಿ ಇಲ್ಲಿ ಟಿಕ್‌ಟಾಕ್ ಬ್ಯಾನ್ ಆಯ್ತು, ಜುಲೈನಲ್ಲೇ ರೀಲ್ಸ್ ಬಂತು. ಮುಂದಿನ ವರ್ಷ ಜೂನ್‌ನಲ್ಲಿ ಇನ್ಸ್ಟಾಗ್ರಾಮ್ ಮುಖ್ಯಸ್ಥರೇ ಬಂದು ನಾವಿನ್ನು ಬರೀ ಫೋಟೋ ಹಂಚೋ ಆ್ಯಪ್ ಅಲ್ಲ ಅಂತ ಬಾಯಿಬಿಟ್ಟು ಹೇಳಿದ್ರು. ಅಂದ್ರೆ ಅಲುಗಾಡದೆ ಒಂದೇ ಕಡೆ ಇರೋ ಚಿತ್ರಕ್ಕೆ ಅಲ್ಲಿ ಜಾಗ ಕಡಿಮೆ ಆಗ್ತಾ ಬಂದಿದೆ. ನಿಮ್ಮ ಮಂಡಿ ಚಿತ್ರ ಸೋತಿಲ್ಲ, ಅದನ್ನ ಯಾರಿಗೂ ತೋರಿಸೇ ಇಲ್ಲ. ತೋರಿಸಿದ್ದಾಗ್ಲೂ ಐದಿಂಚು ಪರದೆ ಮೇಲೆ, ಯಾರೋ ಬಸ್‌ನಲ್ಲಿ ನಿಂತ್ಕೊಂಡು ಒಂದು ಕೈಯಲ್ಲಿ ಕಂಬಿ ಹಿಡಿದು ನೋಡಿರ್ತಾರೆ. ಹಮಾಲರ ಬೆನ್ನಿನ ಮೇಲಿನ ಚೀಲದ ನೆರಳು ಅಲ್ಲಿ ಕಾಣುತ್ತಾ?

ಹೀರೋ ಮುಖ ಓಡಿದ್ದಕ್ಕೂ ಕಾರಣ ಅದೇ. ಜನ ಲೈಕ್ ಒತ್ತಿದ್ದು ಬಹುಪಾಲು ಆ ಮುಖಕ್ಕೆ. ನಿಮ್ಮ ಕೈಚಳಕಕ್ಕೂ ಒಂದಷ್ಟು ಜನ ಒತ್ತಿರ್ತಾರೆ, ಆದ್ರೆ ಅವರು ಯಾರು ಅಂತ ಆ ಲಕ್ಷದಲ್ಲಿ ಹುಡುಕೋಕಾಗಲ್ಲ.

ಡಿಲೀಟ್ ಬೇಡ ಅಂತೀನಿ. ಸೆಟ್ಟಿಂಗ್ಸ್‌ನಲ್ಲಿ ಲೈಕ್ ಸಂಖ್ಯೆ ಮರೆಮಾಡೋ ಆಪ್ಶನ್ ಇದೆ, 2021ರ ಮೇ ತಿಂಗಳಿಂದ ಎಲ್ಲರಿಗೂ ಕೊಟ್ಟಿದ್ದಾರೆ. ಬೇರೆಯವರ ಪೋಸ್ಟ್‌ನ ಸಂಖ್ಯೆ ನಿಮಗೆ ಕಾಣದಂಗೆ ಮಾಡ್ಬಹುದು, ನಿಮ್ಮದರ ಸಂಖ್ಯೆ ಬೇರೆಯವರಿಗೆ ಕಾಣದಂಗೂ ಮಾಡ್ಬಹುದು. ನಿಮ್ಮ ಪೋಸ್ಟ್‌ನದ್ದು ನೀವೇ ಒಳಗೆ ಹೋಗಿ ನೋಡಿದ್ರೆ ಸಿಗುತ್ತೆ, ಆದ್ರೂ ಕಣ್ಣಿಗೆ ಸುಮ್ನೆ ಬಂದು ಬೀಳೋದು ನಿಲ್ಲುತ್ತೆ. ನೋಟಿಫಿಕೇಶನ್ ಪೂರ್ತಿ ಆಫ್ ಮಾಡಿ. ಇನ್ನೊಂದು, ಬರೆದ ದಿನವೇ ಹಾಕ್ಬೇಡಿ. ಒಂದು ತಿಂಗಳು ಮನೇಲಿ ಗೋಡೆಗೆ ಒರಗಿಸಿಡಿ. ಅಷ್ಟು ದಿನ ನೀವೊಬ್ರೇ ನೋಡಿದ ಮೇಲೆ ಅದರ ಬಗ್ಗೆ ನಿಮಗೇ ಒಂದು ಅಭಿಪ್ರಾಯ ಬಂದಿರುತ್ತೆ, ಆಮೇಲೆ ಯಾರೋ ಏನೋ ಅಂದ್ರೆ ಅದು ಎರಡನೇ ಮಾತಾಗುತ್ತೆ.

---

ಕಸೂತಿ_ಧಾರವಾಡ:

ತಂಗಿ, ನಿನ್ನ ಬರಹ ಓದಿ ಭಾಳ ಹೊತ್ತು ಕುಂತೆ ನೋಡವಾ. ನಾ ಕಸೂತಿ ಹಾಕಾಕಿ, ನಮ್ಮ ಆಯಿ ಹಾಕತಿದ್ಲು, ಅವ್ವ ಹಾಕತಿದ್ಲು, ಈಗ ನಾ ಹಾಕತೀನಿ, ನಾಕೈದು ಮಂದಿ ಹುಡುಗ್ಯಾರಿಗೆ ಕಲಸತೀನಿ ಸೈತ. ಚಿತ್ರದ್ದು ನನಗ ಗೊತ್ತಿಲ್ಲ, ಸೂಜಿ ದಾರದ್ದು ಹೇಳತೀನಿ.

ಕಸೂತಿಗೆ ಬಟ್ಟಿ ಮ್ಯಾಲೆ ಪೆನ್ಸಿಲ್‌ಲೆ ಏನೂ ಬರಕೊಳ್ಳಂಗಿಲ್ಲ. ಬಟ್ಟಿ ಎಳಿ ಎಣಿಸಿಕೋತ ಹೋಗಬೇಕು. ಗಂಟು ಹಾಕೂ ಹಂಗಿಲ್ಲ. ಗವಂತಿ ಅಂತ ಒಂದು ಹೊಲಿಗಿ ಐತಿ, ಹೋಗುವಾಗ ಒಂದು ಬಿಟ್ಟು ಒಂದು ಹಾಕ್ಕೋತ ಹೋಗೂದು, ತಿರುಗಿ ಬರುವಾಗ ಬಿಟ್ಟ ಜಾಗಾ ತುಂಬಕೋತ ಬರೂದು. ಹಂಗಾಗಿ ಹೋಗೂ ಮುಂಚೇನ ತಿರುಗಿ ಬರೂ ದಾರಿ ತಲಿಯಾಗ ಇರಬೇಕು, ಇಲ್ಲಂದ್ರ ಹಾಕತಿರೂ ಗೋಪುರದ ಚಿತ್ರದ ತುದಿಗೆ ಹೋಗಿ ದಾರ ಸಿಕ್ಕೊಂಡು ಕುಂದರತೈತಿ. ಗವಂತಿ, ಮತ್ತ ಮುರಗಿ ಅನ್ನೂ ಇನ್ನೊಂದು ಹೊಲಿಗಿ, ಇವೆರಡೂ ಸರಿಯಾಗಿ ಬಿದ್ರ ಸೀರಿ ಹಿಂದ ಮುಂದ ಎರಡೂ ಕಡೆ ಒಂದ ನಮೂನಿ ಕಾಣತಾವ. ನೇಗಿ ಮತ್ತ ಮೆಂತಿ ಅನ್ನೂ ಹೊಲಿಗಿ ಹಂಗಲ್ಲ, ಅವುಗಳ ಹಿಂದಿನ ಮಗ್ಗಲ ಬ್ಯಾರೆ ಇರತೈತಿ.

ನಮ್ಮ ಆಯಿ ನಾ ಹಾಕಿದ್ದು ತಗೊಂಡು ಮೊದಲ ಮಾಡತಿದ್ದ ಕೆಲಸ ಅಂದ್ರ ಹಿಂದ ತಿರುವಿ ನೋಡೂದು. ಮುಂದಿಂದು ನೋಡತಿದ್ದಿಲ್ಲ. ತಿರುವಿ, ಬೆರಳಲೆ ಸವರಿ, ಎಲ್ಲೆ ದಾರ ಹಾರಿಸೀನಿ ಅಲ್ಲೆ ಉಗರು ಇಟ್ಟು ನನ್ನ ಮಾರಿ ನೋಡತಿದ್ಲು. ಒಂದು ಮಾತೂ ಆಡತಿದ್ದಿಲ್ಲ. ನಾ ಮತ್ತ ಬಿಚ್ಚತಿದ್ದೆ. ಸೀರಿ ಉಟ್ಟ ಮ್ಯಾಲೆ ಹಿಂದಿನ ಮಗ್ಗಲ ಯಾರು ನೋಡತಾರ ಹೇಳು? ಆದ್ರೂ ಬಿಚ್ಚತಿದ್ದೆ, ಯಾಕಂದ್ರ ಅಕಿ ಕಣ್ಣಿಗೆ ಅದು ಕಾಣತೈತಿ ಅಂತ ನನಗ ಗೊತ್ತಿತ್ತು. ಈಗ ಆಯಿ ಇಲ್ಲ, ಆದ್ರ ತಿರುವಿ ನೋಡೂ ರೂಢಿ ನನ್ನ ಕೈಯಾಗ ಉಳದೈತಿ. ಹುಡುಗ್ಯಾರು ಫೋಟೋ ತಗದು ಹಾಕತಾರ, ಅದಕ್ಕ ನಾ ಬ್ಯಾಡ ಅನ್ನಂಗಿಲ್ಲ, ಆದ್ರ ಫೋಟೋದಾಗ ಹಿಂದಿಂದು ಬರಂಗಿಲ್ಲವಾ. ನನಗ ಮುಖ್ಯ ಅನಿಸಿದ್ದ ಫೋಟೋದಾಗ ಬರಂಗಿಲ್ಲ ಅಂದ ಮ್ಯಾಲೆ ಅದಕ್ಕ ಎಷ್ಟು ಮಂದಿ ಹಾರ್ಟ್ ಒತ್ತಿದ್ರ ನಾ ಏನ ಮಾಡಲಿ.

ನಿನಗ ಬೇಕಾಗಿದ್ದು ಸಾವಿರ ಮಂದಿ ಅಲ್ಲ. ತಿರುವಿ ನೋಡೂ ಒಬ್ಬಾಕಿ ಬೇಕು. ಅಂಥಾಕಿನ್ನ ಹುಡುಕು. ನಿಮ್ಮೂರಾಗ ಹಳೇ ಡ್ರಾಯಿಂಗ್ ಮಾಸ್ತರ ಇರಬೇಕು, ಬೋರ್ಡ್ ಬರಿಯೂ ಪೇಂಟರ್ ಇರಬೇಕು, ಯಾರರೆ ಇರತಾರ. ಹೊಗಳೂ ಮಂದಿ ಬ್ಯಾಡ, "ಇಲ್ಲೆ ಬಣ್ಣ ಕೆಟ್ಟೈತಿ" ಅಂತ ಬೆರಳಿಟ್ಟು ತೋರಸಾಕಿ ಬೇಕು.

---

ಬಣ್ಣದ_ಅಂಗಡಿ:

ಎಲ್ರೂ ಹೇಳಿದ್ದು ಸರಿಯೇ, ಆದ್ರೆ ಒಂದು ಮಾತು ಸೇರಿಸ್ಲೇಬೇಕು. ಆನ್‌ಲೈನ್ ಮೆಚ್ಚುಗೆ ಬೇಡ ಅನ್ನೋದು ಸಂಬಳ ಇರೋರಿಗೆ, ಸುತ್ತ ಕಲೆ ಗೊತ್ತಿರೋ ಜನ ಇರೋರಿಗೆ ಸುಲಭ. ನಾನು ದಾವಣಗೆರೆ ಹತ್ರದ ಹಳ್ಳಿಯವಳು. ನಮ್ಮೂರಲ್ಲಿ ಚಿತ್ರ ಅಂದ್ರೆ ಕ್ಯಾಲೆಂಡರ್ ಅಷ್ಟೇ. ಮದುವೆ ಆದ್ಮೇಲೆ ಮನೇಲೇ ಕೂತು ಮಾಡಿದ ಪೇಂಟಿಂಗ್‌ಗಳನ್ನ ದುಡ್ಡು ಕೊಟ್ಟು ತಗೊಂಡ ಮೊದಲನೇ ವ್ಯಕ್ತಿ ಸಿಕ್ಕಿದ್ದು ಫೋನಲ್ಲೇ, ನನ್ನ ಮಗಳ ಸ್ಕೂಲ್ ಫೀಸ್‌ಗೆ ಈಗ್ಲೂ ಒಂದಷ್ಟು ಅಲ್ಲಿಂದಲೇ ಬರುತ್ತೆ. ಅದನ್ನ ಕೆಟ್ಟದ್ದು ಅಂತ ನಾನು ಒಪ್ಪಲ್ಲ.

ಆದ್ರೆ ಲೈಕ್ ಬೇರೆ, ಗಿರಾಕಿ ಬೇರೆ. ಇದು ಗೊತ್ತಾಗಿದ್ದೇ ಚಿತ್ರಸಂತೆಗೆ ಹೋದ್ಮೇಲೆ. ಬೆಂಗಳೂರಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತಿನವರು 2003ರಿಂದ ಮಾಡ್ತಿದ್ದಾರಲ್ಲ, ಜನವರಿಯಲ್ಲಿ ಒಂದು ಭಾನುವಾರ ಕುಮಾರಕೃಪಾ ರಸ್ತೆ ಪೂರ್ತಿ ಚಿತ್ರಗಳೇ. ಬೆಳಿಗ್ಗೆ ಸ್ಟಾಲಲ್ಲಿ ಜೋಡಿಸಿಟ್ಟು ಕೂತ್ರೆ ಸಂಜೆವರೆಗೂ ಜನ ನಡ್ಕೊಂಡು ಹೋಗ್ತಾನೇ ಇರ್ತಾರೆ. ಅಲ್ಲಿ ನಿಮ್ಮ ಕಣ್ಣೆದುರೇ ಎಲ್ಲ ನಡೆಯುತ್ತೆ. ಹತ್ತು ಜನ ಫೋಟೋ ಹೊಡ್ಕೊಂಡು ಚಿತ್ರ ನೋಡದೇ ಹೋಗ್ತಾರೆ. ಹನ್ನೊಂದನೇಯವರು ಬಂದು ಮೂಲೆಯಲ್ಲಿಟ್ಟ ಚಿಕ್ಕ ಚಿತ್ರದ ಮುಂದೆ ಕುಕ್ಕರಗಾಲಲ್ಲಿ ಕೂತ್ಬಿಡ್ತಾರೆ. ನಾನು ರಾಗಿ ಕಣದ್ದು ಒಂದು ಇಟ್ಟಿದ್ದೆ, ಆನ್‌ಲೈನಲ್ಲಿ ಯಾರೂ ಕೇಳದೇ ಇದ್ದಿದ್ದು. ಒಬ್ರು ವಯಸ್ಸಾದವರು ಬಂದು ಅದರ ಮುಂದೆ ನಿಂತು, ತೆನೆ ಮೇಲೆ ಎತ್ತು ಎಳೆಯೋ ರೋಣಗಲ್ಲು ಯಾವ ಕಡೆಯಿಂದ ಸುತ್ತುತ್ತೆ ಅಂತ ನನ್ನ ಜೊತೆ ವಾದ ಮಾಡಿದ್ರು, ಎತ್ತಿನ ಕಾಲು ಹಿಂಗೆ ಬರಲ್ಲ ಕಣಮ್ಮ ಅಂದ್ರು, ಕೊನೆಗೆ ಅದನ್ನೇ ತಗೊಂಡು ಹೋದ್ರು. ಆ ಮಾತುಕತೆ ಕೊಟ್ಟ ಖುಷಿ ಯಾವ ರೀಲೂ ಕೊಟ್ಟಿಲ್ಲ.

ಅರ್ಜಿ ಮೊದಲೇ ಕರೀತಾರೆ, ನೋಡ್ತಾ ಇರಿ. ತಿಪಟೂರಿಂದ ರೈಲಿದೆ, ದೂರ ಏನಲ್ಲ. ಮಂಡಿ ಚಿತ್ರಗಳನ್ನೇ ತಗೊಂಡು ಹೋಗಿ.

---

ಡ್ರಾಯಿಂಗ್_ಮೇಷ್ಟ್ರು:

ಸರ್ಕಾರಿ ಹೈಸ್ಕೂಲಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ಬಹಳ ವರ್ಷ ಕೆಲಸ ಮಾಡಿದೀನಿ. ತಾಯಿ, ನಿಮ್ಮ ಪ್ರಶ್ನೆಗೆ ಹತ್ತಿರ ಇರೋ ಒಂದು ಹಳೇ ಪ್ರಯೋಗ ಇದೆ, ಬಿ.ಎಡ್ ಪಾಠದಲ್ಲಿ ಓದಿದ್ದು, ಇವತ್ತಿಗೂ ನನ್ನ ತಲೆಯಿಂದ ಹೋಗಿಲ್ಲ.

1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅಂತ ಮೂರು ಜನ ಮನಶ್ಶಾಸ್ತ್ರಜ್ಞರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ನರ್ಸರಿ ಮಕ್ಕಳ ಮೇಲೆ ಮಾಡಿದ್ದು. ಸ್ಕೆಚ್ ಪೆನ್ ಸಿಕ್ಕಿದ್ರೆ ತಾವಾಗೇ ಬಂದು ಬರೆಯೋಕೆ ಕೂರೋ ಮಕ್ಕಳನ್ನೇ ಆರಿಸ್ಕೊಂಡ್ರು. ಮೂರು ಗುಂಪು ಮಾಡಿದ್ರು. ಒಂದು ಗುಂಪಿಗೆ, ಬರೆದ್ರೆ ಚಿನ್ನದ ಬಣ್ಣದ ನಕ್ಷತ್ರ, ರಿಬ್ಬನ್ ಇರೋ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದಲೇ ಹೇಳಿದ್ರು. ಎರಡನೇ ಗುಂಪಿಗೆ ಏನೂ ಹೇಳದೆ, ಬರೆದು ಮುಗಿದ ಮೇಲೆ ಅದೇ ಸರ್ಟಿಫಿಕೇಟ್ ಕೊಟ್ರು. ಮೂರನೇಯದಕ್ಕೆ ಹೇಳಲೂ ಇಲ್ಲ ಕೊಡಲೂ ಇಲ್ಲ. ಒಂದೆರಡು ವಾರ ಬಿಟ್ಟು ಕ್ಲಾಸಲ್ಲಿ ಮತ್ತೆ ಸ್ಕೆಚ್ ಪೆನ್ ಇಟ್ಟು ಯಾರು ಎಷ್ಟು ಹೊತ್ತು ಬರೀತಾರೆ ಅಂತ ಮರೆಯಿಂದ ನೋಡಿದ್ರು. ಮೊದಲನೇ ಗುಂಪಿನ ಮಕ್ಕಳು ಉಳಿದವರು ಬರೆದ ಹೊತ್ತಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟೇ ಬರೆದ್ರು. ಬಹುಮಾನ ಸಿಗುತ್ತೆ ಅಂತ ಬರೆದ ದಿನದ ಅವರ ಚಿತ್ರಗಳೂ ಅಷ್ಟಕ್ಕಷ್ಟೇ ಇದ್ವು.

ಇದರಲ್ಲಿ ಎಲ್ರೂ ಮೊದಲನೇ ಗುಂಪಿನ ಬಗ್ಗೆ ಮಾತಾಡ್ತಾರೆ. ನನಗೆ ದೊಡ್ಡದು ಅನ್ನಿಸಿದ್ದು ಎರಡನೇ ಗುಂಪು. ಅವರಿಗೂ ಅದೇ ನಕ್ಷತ್ರ ಸಿಕ್ತು, ಅವರ ಆಸೆ ಒಂದಿಷ್ಟೂ ಕಮ್ಮಿ ಆಗ್ಲಿಲ್ಲ. ಅಂದ್ರೆ ಮಗುವನ್ನ ಕೆಡಿಸಿದ್ದು ಬಹುಮಾನ ಅಲ್ಲ, ಅದಕ್ಕೋಸ್ಕರ ಕೂತಿದ್ದು. ನಿಮ್ಮ ಮೊದಲನೇ ರೀಲ್ ಓಡಿದಾಗ ನೀವು ಎರಡನೇ ಗುಂಪಲ್ಲಿದ್ರಿ, ಸುಮ್ನೆ ಬರೆದ್ರಿ, ಆಮೇಲೆ ಬಂತು. ಅದಾದ್ಮೇಲೆ ಪ್ರತಿ ಸಲ ಪೇಪರ್ ಬಿಚ್ಚೋ ಮುಂಚೇನೇ ನಕ್ಷತ್ರ ಕಣ್ಮುಂದೆ ಬಂದು ಕೂತಿದೆ. ಹಾಗಾಗಿ ಮೆಚ್ಚುಗೆಯನ್ನೇ ದೂರ ಮಾಡ್ಬೇಕಾಗಿಲ್ಲ, ಯಾರಾದ್ರೂ ಚೆನ್ನಾಗಿದೆ ಅಂದ್ರೆ ಸಂತೋಷ ಪಡಿ, ಅದು ಮನುಷ್ಯರ ಸ್ವಭಾವ. ಚಿತ್ರ ಮುಗಿಯೋವರೆಗೆ ಅದು ಕೋಣೆಯೊಳಗೆ ಬರಬಾರದು ಅಷ್ಟೇ. ಫೋನ್ ಅಕ್ಷರಶಃ ಬೇರೆ ಕೋಣೇಲಿಡಿ, ಬರೆಯುವಾಗ ಶೂಟ್ ಮಾಡೋದು ಪೂರ್ತಿ ನಿಲ್ಲಿಸಿ.

ಕ್ಲಾಸಲ್ಲಿ ಮಕ್ಕಳು ಬಂದು "ಸಾ ಚೆನ್ನಾಗಿದ್ಯಾ ಸಾ" ಅಂತ ಕೇಳ್ತಾರೆ. ನಾನು ಹೂಂ ಅಂದ್ರೆ ಅವರು ಹೋಗ್ಬಿಡ್ತಾರೆ, ಚಿತ್ರ ಅಲ್ಲಿಗೆ ಮುಗೀತು. ಅದಕ್ಕೆ ನಾನು ಚಿತ್ರದೊಳಗಿರೋದನ್ನೇ ಕೇಳ್ತೀನಿ. ಒಬ್ಬ ಹುಡುಗ ಎಮ್ಮೆಯನ್ನ ಮನೆಗಿಂತ ದೊಡ್ಡದಾಗಿ ಬರೆದಿದ್ದ. ಯಾಕೋ ಇಷ್ಟು ದೊಡ್ಡದು ಅಂದೆ. ಇದು ನನ್ನ ಹಾಯ್ದಿದ್ದ ಎಮ್ಮೆ ಸಾ, ಹಾಯುವಾಗ ಇಷ್ಟೇ ದೊಡ್ಡದಾಗಿ ಕಾಣ್ತು ಅಂದ. ಆ ಹುಡುಗನಿಗೆ ತಾನು ಯಾಕೆ ಹಾಗೆ ಬರೆದೆ ಅಂತ ಗೊತ್ತು, ನಾನು ಚೆನ್ನಾಗಿಲ್ಲ ಅಂದಿದ್ರೂ ಅವನು ಎಮ್ಮೆ ಚಿಕ್ಕದು ಮಾಡ್ತಿರ್ಲಿಲ್ಲ.

ನೀವೂ ಆ ಥರ ಪ್ರಶ್ನೆ ಇಟ್ಕೊಂಡು ಕೂತ್ಕೊಳ್ಳಿ. ಚೀಲ ಹೊತ್ತಾಗ ಕತ್ತಿನ ನರ ಎಲ್ಲಿ ಉಬ್ಬುತ್ತೆ? ಮಧ್ಯಾಹ್ನ ಮಂಡಿ ಒಳಗೆ ನೆರಳು ನೀಲಿಯೋ ಕಂದೋ? ಇವತ್ತಿನ ಚಿತ್ರದಲ್ಲಿ ಇದೊಂದು ಸಿಕ್ತಾ ಇಲ್ವಾ ಅಂತ ರಾತ್ರಿ ಸ್ಕೆಚ್‌ಬುಕ್ ಅಂಚಲ್ಲಿ ಒಂದು ಸಾಲು ಬರೆದಿಡಿ. ಚಿತ್ರ ಚೆನ್ನಾಗಿದೆಯೋ ಇಲ್ವೋ ಗೊತ್ತಾಗೋದೇ ನಿಂತೋಗಿದೆ ಅಂದ್ರಲ್ಲ, ಕಣ್ಣು ವಾಪಸ್ ಬರೋದು ಹೀಗೇ.

ಬೆಂಗಳೂರಿಗೆ ಹೋದ್ರೆ ಕೆ. ವೆಂಕಟಪ್ಪನವರ ಜಲವರ್ಣ ಹುಡುಕಿ ನೋಡಿ. 1886ರಲ್ಲಿ ಹುಟ್ಟಿದವರು, ಕಲ್ಕತ್ತಾದಲ್ಲಿ ಅವನೀಂದ್ರನಾಥ ಟ್ಯಾಗೋರರ ಹತ್ರ ಕಲಿತು ಬಂದವರು, ಊಟಿ ಬೆಟ್ಟಗಳ ಮಂಜು, ಬೆಳಕು ಬದಲಾಗೋದನ್ನ ಎಷ್ಟು ತಾಳ್ಮೆಯಿಂದ ಬರೆದಿದ್ದಾರೆ. ರುಮಾಲೆ ಚೆನ್ನಬಸವಯ್ಯನವರದ್ದೂ ನೋಡಿ, ಸ್ವಾತಂತ್ರ್ಯ ಹೋರಾಟದಲ್ಲಿದ್ದವರು, ಆಮೇಲೆ ಮತ್ತೆ ಕುಂಚ ಹಿಡಿದು ಬೆಂಗಳೂರಿನ ಹೂಬಿಟ್ಟ ಮರಗಳನ್ನ ಆ ಮರಗಳ ಎದುರೇ ನಿಂತು ಬರೆದ್ರು. ದಿನಾ ಓಡಾಡೋ ರಸ್ತೆಯ ಮರ ಅದು. ಇವತ್ತು ಆ ರಸ್ತೆಗಳು ಹೇಗಿದ್ವು ಅಂತ ನೋಡೋಕೆ ನಮಗೆ ಉಳಿದಿರೋದು ಆ ಚಿತ್ರಗಳೇ. ನಿಮ್ಮ ಮಂಡಿಯನ್ನ ನಿಮ್ಮಷ್ಟು ಹತ್ತಿರದಿಂದ ಇನ್ಯಾರು ಬರೀತಾರೆ ಹೇಳಿ.

---

ಕಲ್ಪತರು_ನಾಡು:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಓದ್ತಾ ಓದ್ತಾ ಕಣ್ಣಲ್ಲಿ ನೀರು ಬಂತು. ಮೇಷ್ಟ್ರೇ, ನಕ್ಷತ್ರದ ವಿಷಯ ನಂಗೆ ಸರಿಯಾಗಿ ನಾಟ್ತು, ಮೊದಲನೇ ರೀಲ್ ದಿನ ನಿಜವಾಗ್ಲೂ ನಾನು ಏನೂ ಅಂದ್ಕೊಂಡಿರ್ಲಿಲ್ಲ. ಧಾರವಾಡದ ಅಕ್ಕ, ನಮ್ಮ ಬೀದೀಲಿ ಲಾರಿಗೆ, ಅಂಗಡಿ ಬೋರ್ಡಿಗೆ ಬರೆಯೋ ಒಬ್ಬರು ತಾತ ಇದ್ದಾರೆ, ಫ್ಲೆಕ್ಸ್ ಬಂದ್ಮೇಲೆ ಕೆಲಸ ಇಲ್ಲ ಅವರಿಗೆ, ಅವರ ಹತ್ರ ಹೋಗೋಣ ಅಂತ ಈಗ ಅನ್ನಿಸ್ತಿದೆ.

ಒಂದು ಮಾತ್ರ ಇನ್ನೂ ಒಳಗೆ ಕೊರೀತಿದೆ. ಯಾರೂ ನೋಡದೇ ಇದ್ರೆ, ಉಳಿಯದೇ ಹೋದ್ರೆ, ಬರೆದಿದ್ದು ಏನಕ್ಕೆ ಬಂತು ಅಂತ.

---

ಸಾಗರದ_ಕಡೆಯವ:

ಈ ಕೊನೇ ಸಾಲಿಗೆ ಉತ್ತರ ಕೊಡ್ಬೇಕು ಅನ್ನಿಸ್ತು. ನಮ್ಮ ಸಾಗರ, ಸೊರಬ ಕಡೆ ದೀವರ ಮನೆಗಳಲ್ಲಿ ಚಿತ್ತಾರ ಬರೀತಾರೆ, ನಾನೂ ಅದೇ ಸಮುದಾಯದವನು, ಚಿಕ್ಕೋನಿದ್ದಾಗಿಂದ ನೋಡ್ತಾ ಬೆಳೆದಿದ್ದು. ಮದುವೆ ಬಂದ್ರೆ ಕೆಮ್ಮಣ್ಣು ಬಳಿದ ಗೋಡೆ ಮೇಲೆ ಹಸೆ ಚಿತ್ತಾರ. ಅಕ್ಕಿ ನೆನೆಸಿ ರುಬ್ಬಿದ್ದು ಬಿಳಿ, ಅಕ್ಕಿಯನ್ನೇ ಸುಟ್ಟು ಕಪ್ಪು ಮಾಡೋದು, ಗುರಿಗೆ ಕಾಯಿಯಿಂದ ಹಳದಿ, ಕುಂಚ ಅಂದ್ರೆ ಪುಂಡಿ ನಾರು. ಗೆರೆಗೆ ಎಳೆ ಅಂತಾರೆ, ಒಂದೆಳೆ ಎರಡೆಳೆ ಅಂತ ಲೆಕ್ಕ, ಸ್ಕೇಲ್ ಇಲ್ಲ ಏನಿಲ್ಲ, ನಾರನ್ನ ಬಣ್ಣಕ್ಕೆ ಅದ್ದಿ ಉಸಿರು ಬಿಗಿಹಿಡಿದು ಎಳೆದ್ರೆ ನೇರ ಬರ್ಬೇಕು.

ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ ಬರೀತಾರೆ. ನವರಾತ್ರಿ ಮುಗಿದ್ಮೇಲೆ ಶುರು, ಬುಟ್ಟಿಗೆ ಸಗಣಿ ಬಳಿದು ಕೆಮ್ಮಣ್ಣು ಹಚ್ಚಿ ಒಣಗಿಸಿ, ಹಗಲೆಲ್ಲ ಗದ್ದೆ ಕೊಟ್ಟಿಗೆ ಕೆಲಸ ಮುಗಿಸಿ ರಾತ್ರಿ ದೀಪದ ಹತ್ರ ಕೂತು ಅಮ್ಮ, ಚಿಕ್ಕಮ್ಮ ಬರೀತಿದ್ರು. ಗದ್ದೆಯಲ್ಲಿ ಪೈರು ಹೊಡೆ ಬಂದಿರುತ್ತೆ ಆಗ, ಭೂಮಿ ಬಸುರಿ ಅಂತ ಲೆಕ್ಕ, ಅವಳ ಸೀಮಂತಕ್ಕೆ ಊಟ ತಗೊಂಡು ಹೋಗೋ ಬುಟ್ಟಿ ಅದು. ಆಶ್ವೀಜ ಹುಣ್ಣಿಮೆ ದಿನ ಬೆಳಕು ಹರಿಯೋ ಮುಂಚೆ ಎಡೆ, ಗದ್ದೆಗೆ ಬೀರೋ ಚರಗ ತುಂಬ್ಕೊಂಡು ಗದ್ದೆಗೆ ಹೋಗೋದು. ಮುಂದಿನ ವರ್ಷ ಅದೇ ಬುಟ್ಟಿಗೆ ಮತ್ತೆ ಕೆಮ್ಮಣ್ಣು ಬಳೀತಾರೆ, ಹೋದ ವರ್ಷದ್ದೆಲ್ಲ ಮುಚ್ಚಿ ಹೋಗುತ್ತೆ. ಗೋಡೆದೂ ಹಂಗೇ.

ಮೂಲೇಲಿ ಹೆಸರು ಬರೆದಿದ್ದು ನಾನು ನೋಡಿಲ್ಲ. ಹಂಗಂತ ಅದಕ್ಕೆ ಬೆಲೆ ಕಟ್ಟೋರು ಇರ್ಲಿಲ್ಲ ಅಂತಲ್ಲ. ಊರಿನ ಹೆಂಗಸರು ಬುಟ್ಟಿ ನೋಡಿ, ಇದು ಯಾರ ಕೈ ಅಂತ ಎಳೆ ನೋಡೇ ಹೇಳ್ತಿದ್ರು. ಬೇರೆ ಊರಿಗೆ ಮದುವೆಯಾಗಿ ಹೋದೋಳು ಅಲ್ಲಿನ ಗೋಡೆಗೆ ಬರೆದ್ರೆ, ಇವಳು ಇಂಥವರ ಮನೆ ಕಡೆಯವಳು ಅಂತ ಗುರುತು ಹಿಡೀತಿದ್ರು. ನನ್ನ ಅಮ್ಮನಿಗೆ ಬೇಕಿದ್ದಿದ್ದು ಅಷ್ಟೇ, ಮತ್ತೆ ಬುಟ್ಟಿ ಹೊತ್ತು ಗದ್ದೆಗೆ ಹೋಗುವಾಗ ಅದು ಚೆಂದ ಇರ್ಬೇಕು, ಭೂಮಿತಾಯಿಗೆ ಕೊಡೋದು ಅಂದ್ಮೇಲೆ.

ಈಗ ನಮ್ಮ ಚಿತ್ತಾರ ಫ್ರೇಮ್ ಹಾಕಿ ಮಾರೋದೂ ಇದೆ, ಪ್ರಶಸ್ತಿನೂ ಬಂದಿದೆ, ನಂಗೆ ಅದು ಹೆಮ್ಮೆನೇ, ಹೆಣ್ಣುಮಕ್ಕಳ ಕೈಗೆ ದುಡ್ಡು ಬರುತ್ತೆ. ಆದ್ರೆ ನೀವು ಕೇಳಿದ್ರಲ್ಲ, ಏನಕ್ಕೆ ಬಂತು ಅಂತ. ನಿಮ್ಮ ಮಂಡಿ ಚಿತ್ರ ಆ ಹಮಾಲರಿಗೆ ತೋರಿಸಿದೀರಾ? ಕೊಬ್ಬರಿ ಬಿಡಿಸೋ ಅಮ್ಮಂದಿರಿಗೆ? ಯಾರ ಕೈ ಬರೆದ್ರೋ ಅವರಿಗೆ ಒಂದು ಕೊಟ್ಟು ಬನ್ನಿ. ಲಕ್ಷ ಜನಕ್ಕಿಂತ ಮುಂಚೆ ಅವರು ನೋಡ್ಬೇಕಿತ್ತು ಅಂತ ನನ್ನ ಅನಿಸಿಕೆ.

---

ಕಲ್ಪತರು_ನಾಡು:

ಇಲ್ಲ ಅಣ್ಣ, ತೋರಿಸಿಲ್ಲ. ಈ ವಾರ ಹೋಗ್ತೀನಿ.

ಬಣ್ಣದ ಅಂಗಡಿ ಅಕ್ಕ, ನಿಮ್ಮ ಹತ್ರ ಒಂದು ಕೇಳ್ಬೇಕು. ರೀಲ್ ಓಡಿದ್ಮೇಲೆ ನೆಂಟರು, ಆಫೀಸಿನೋರು ಎಲ್ಲ "ನಂದೊಂದು ಬರ್ಕೊಡಮ್ಮ" ಅಂತ ಕೇಳ್ತಾರೆ, ದುಡ್ಡಿನ ಮಾತೇ ಎತ್ತಲ್ಲ, ನಂಗೂ ಕೇಳೋಕೆ ಬಾಯಿ ಬರಲ್ಲ. ಕೇಳಿದ್ರೆ ಲೈಕ್ ಇಲ್ಲದೋಳು ಇಷ್ಟು ಕೇಳ್ತಾಳಾ ಅಂದ್ಕೋತಾರೇನೋ ಅಂತ. ರೇಟ್ ಹೇಗೆ ಇಡೋದು?

---

ಬಣ್ಣದ_ಅಂಗಡಿ:

ಇದು ಎಲ್ಲ ಹೆಣ್ಣುಮಕ್ಕಳ ಕಷ್ಟ ತಂಗಿ. ಲೈಕ್‌ಗೂ ರೇಟ್‌ಗೂ ಸಂಬಂಧನೇ ಇಡ್ಬೇಡ. ನೀನು ಅಕೌಂಟ್ಸ್ ನೋಡೋಳು, ಲೆಕ್ಕ ನಿಂಗೆ ಹೇಳ್ಕೊಡ್ಬೇಕಾ. ಪೇಪರ್, ಬಣ್ಣ, ಫ್ರೇಮ್, ಕೊರಿಯರ್ ಇದ್ರೆ ಅದು, ಒಂದು ಕಡೆ ಬರಿ. 300 ಜಿಎಸ್‌ಎಂನ ದಪ್ಪ ಕಾಟನ್ ಪೇಪರ್ ಎಷ್ಟು ದುಬಾರಿ ಅಂತ ಕೇಳೋರಿಗೆ ಗೊತ್ತಿರಲ್ಲ, ನಿಂಗೆ ಗೊತ್ತು. ಇನ್ನೊಂದು ಕಡೆ ಎಷ್ಟು ಗಂಟೆ ಹಿಡೀತು ಬರಿ. ಆಫೀಸಲ್ಲಿ ನಿಂಗೆ ಗಂಟೆಗೆ ಎಷ್ಟು ಬೀಳುತ್ತೆ ಲೆಕ್ಕ ಹಾಕು, ಅದಕ್ಕಿಂತ ಕಡಿಮೆಗೆ ಕುಂಚ ಹಿಡೀಬೇಡ, ಯಾಕಂದ್ರೆ ಆಫೀಸ್ ಮುಗಿಸಿ ಬಂದು ಸುಸ್ತಾದ ಮೈಯಲ್ಲಿ ಕೂತು ಮಾಡೋ ಕೆಲಸ ಇದು. ಎರಡೂ ಕೂಡಿಸು, ಅದೇ ನಿನ್ನ ರೇಟ್. ಸೈಜ್ ಪ್ರಕಾರ ಒಂದು ಪಟ್ಟಿ ಮಾಡಿ ವಾಟ್ಸಾಪಲ್ಲಿ ಇಟ್ಕೋ, ಯಾರು ಕೇಳಿದ್ರೂ ಆ ಪಟ್ಟಿ ಕಳಿಸು, ಬಾಯಿಂದ ಹೇಳೋ ಮುಜುಗರ ಇರಲ್ಲ.

ತೀರಾ ಹತ್ತಿರದೋರಿಗೆ ಕೊಡ್ಬೇಕು ಅನ್ನಿಸಿದ್ರೆ ಪೂರ್ತಿ ಉಚಿತವಾಗಿ ಕೊಡು, ಪ್ರೀತಿಯಿಂದ ಕೊಡು. ಅರ್ಧ ರೇಟ್ ಮಾತ್ರ ಯಾರಿಗೂ ಬೇಡ, ಆಮೇಲೆ ಅದೇ ನಿನ್ನ ರೇಟ್ ಆಗ್ಬಿಡುತ್ತೆ. ಉಳಿದೋರ ಹತ್ರ ಅರ್ಧ ದುಡ್ಡು ಮೊದಲೇ ತಗೋ. ಕೊಡಲ್ಲ ಅಂದೋರು ಕೊನೇಗೂ ಕೊಡಲ್ಲ, ನಾನು ನೋಡಿದೀನಿ.

---

ಕಸೂತಿ_ಧಾರವಾಡ:

ಅಕ್ಕ ಹೇಳಿದ್ದು ಖರೇ ಐತಿ. ಗಂಟಿ ಲೆಕ್ಕ ನಮ್ಮ ಹುಡುಗ್ಯಾರಿಗೂ ಹೇಳತೀನಿ, ಸೀರಿಗೆ ತಿಂಗಳಗಟ್ಟಲೆ ಕಣ್ಣು ಕಳಕೊಂಡು ಮಧ್ಯದವರು ಕೊಟ್ಟಷ್ಟು ಇಸ್ಕೊಂಡು ಬರತಾವ. ತಂಗಿ, ಆ ಪಟ್ಟಿ ಮಾಡಿದ ಮ್ಯಾಲೆ ಇಲ್ಲೆ ಹಾಕು, ಅವರಿಗೂ ತೋರಸತೀನಿ.